ಕಡೀತನಾ ಹೊಡೀರಿ

"ಹೊಡದ್ವಿ ಅಣ್ಣಾ. ನೀ ಹೇಳಿದಂಗ ಕಡೀತನಾ ಹೊಡದ್ವಿ."

ಬಾಡಗಂಡಿಯ ಸಕ್ಕರೆ ಕಾರ್ಖಾನೆಯ ಮುಂದೆ, ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನಲ್ಲಿ ತನ್ನ ಗಾಡಿ ನಿಲ್ಲಿಸಿಕೊಂಡು ಕೂತಿದ್ದ ಪರಮೇಶನಿಗೆ ಈ ಮಾತು ಕೇಳಿ ಹಾಲು ಕುಡಿದಷ್ಟು ಸಂತೋಷವಾಯಿತು. ನಿನ್ನೆ ಸಂಜೆ ತನಗೆ ಹಿಡಿಸಿದ ಒಂದು ಆಲ್ಬಮ್ಮಿನ ಬಗ್ಗೆ ವಾಟ್ಸಾಪ್ ಗುಂಪಿಗೆ ಮಾತಿನಲ್ಲೇ ಹೇಳಿ ಕಳಿಸಿದ್ದ. ಒಬ್ಬ ಹುಡುಗನೂ ಹೂಂ ಅಂದಿರಲಿಲ್ಲ, ಊಹೂಂ ಅಂದಿರಲಿಲ್ಲ. ಬೈಯುತ್ತಾರೋ ನಗುತ್ತಾರೋ ಎಂಬ ಅಳುಕಿನಲ್ಲಿ ಊಟವೂ ಸೇರಿರಲಿಲ್ಲ. ಈಗ ಗುಂಪಿನ ಶಿವಾಜಿ ಬಿಸಿಲಲ್ಲಿ ಮುಧೋಳದಿಂದ ಬೈಕು ಓಡಿಸಿಕೊಂಡು ಬಂದಿದ್ದಾನೆಂದರೆ ಹುಡುಗರಿಗೂ ಆಲ್ಬಂ ಹಿಡಿಸಿದೆ ಎಂದೇ ಅರ್ಥ. ಪರಮೇಶ ಮಡ್‌ಗಾರ್ಡಿನ ಮೇಲಿಂದ ಕೆಳಗಿಳಿದ.

"ಎಲ್ಲಾರೂ ಕೂಡೇ ಹೊಡದ್ರ್ಯಾ?"

"ನಾನು, ಗುರಪ್ಪ, ಮತ್ತ ನಮ್ಮ ಓಣಿ ಹುಡುಗ್ರು."

"ನಡಕ ಬಿಡಲಿಲ್ಲಲ್ಲಾ?"

"ಬಿಡ್ತೀವೇನ? ಬಿಡಬ್ಯಾಡ್ರಿ ಅಂದಿದ್ದೆಲ್ಲಾ ನೀನು." ಶಿವಾಜಿ ಬಲಗೈ ಕೊಡವಿದ. "ಕೈ ಹೆಂಗ ನೋಯಾಕತ್ತೈತಿ ಅಂತೀ."

"ಕೈ ಯಾಕ ನೋಯ್ತೈತಲೇ, ಚಪ್ಪಾಳಿ ಹೊಡದೇನ?" ಪರಮೇಶ ನಕ್ಕ.

"ಕಡೀಕ ಖರೇನ ಅತ್ತ ಅಣ್ಣಾ. ನೀ ಅಂದಂಗ ಕಣ್ಣಾಗ ನೀರ ಬಂದ್ವು. ದವಡಿ ಮುರದೈತಿ. ಇನ್ನ ಅಂವ ಹಾಡೂದ ಇರ್ಲಿ, ಅಂಬ್ಲಿ ಕುಡದ್ರ ಸಾಕು."

ಪರಮೇಶ ಆಗ ಆ ಕೈ ನೋಡಿದ. ಬೆರಳ ಗೆಣ್ಣುಗಳ ಮೇಲೆ ಚರ್ಮ ಸೀಳಿತ್ತು, ಅಂಗಿಯ ತೋಳಿಗೆ ಕಂದುಗಟ್ಟಿದ ರಕ್ತ ಮೆತ್ತಿತ್ತು. ಇವರು ಹೊಡೆದದ್ದು ಆಲ್ಬಮ್ಮನ್ನಲ್ಲ, ಅದರಲ್ಲಿ ಹಾಡಿದ ಅಮಸಿದ್ದಪ್ಪನನ್ನು.

ಈ ಕಡೆಯ ಟ್ರ್ಯಾಕ್ಟರಿನವರು ಹಾಡು ಹಾಕುವುದಿಲ್ಲ, ಹೊಡೆಯುತ್ತಾರೆ. ಎಂಜಿನ್ನಿನ ಎರಡೂ ಬದಿಗೆ ದೊಡ್ಡ ದೊಡ್ಡ ಸೌಂಡ್‌ಬಾಕ್ಸು ಕಟ್ಟಿ, ರಸ್ತೆ ಬದಿಯ ಮನೆಗಳ ತಗಡು ಅದುರುವಂತೆ ಹಾಡು ಬಿಡುವುದಕ್ಕೆ ಬೇರೆ ಶಬ್ದ ಸಾಲುವುದೂ ಇಲ್ಲ ಬಿಡಿ. ಹಾಡಿನ ಹೆಸರು ಸಹ ಹೇಳುವುದಿಲ್ಲ, ಹಾಡಿದವರ ಹೆಸರೇ ಸಾಕು. "ಇವತ್ತ ಮರೆವ್ವನ್ನ ಹೊಡಿ" ಎಂದರೆ ಮರೆವ್ವನ ಪದಗಳನ್ನು ಜೋರಾಗಿ ಹಚ್ಚು ಎಂದು. ಪರಮೇಶ ಕಟ್ಟಿದ ಗುಂಪಿನಲ್ಲಿ ದಿನಾ ಇದೇ ಮಾತು. ಗಾಡಿ ಖಾಲಿಯಾಗಲು ತಾಸುಗಟ್ಟಲೆ ಕಾಯುವ ಡ್ರೈವರುಗಳು, ರಬಕವಿ-ಬನಹಟ್ಟಿಯ ಮಗ್ಗದ ಹುಡುಗರು, ಈಚೆಗೆ ತಮಗೆ ಸೇರಿದ ಆಲ್ಬಂ ಯಾವುದೆಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ಒಬ್ಬ ಹೊಸ ಭಜನಾ ಆಲ್ಬಮ್ಮಿನ ಹಾರ್ಮೋನಿಯಂ ಹೊಗಳಿದರೆ ಇನ್ನೊಬ್ಬ, "ಅದ ಮಗ್ಗದ ಸಪ್ಪಳದಾಗ ಏನೂ ಕೇಳಸೂದಿಲ್ಲ, ಡೊಳ್ಳಿಂದ ಯಾವುದರ ಹೇಳೋ" ಎಂದು ಜಗಳ ತೆಗೆಯುತ್ತಿದ್ದ. ಕಡೆಗೆ ಪರಮೇಶ ಹೇಳಿದ್ದೇ ನಡೆಯುತ್ತಿತ್ತು. ಅವನ ಕಿವಿಯ ಮೇಲೆ ಹುಡುಗರಿಗೆ ಅಷ್ಟು ಭರವಸೆ.

ಗುಂಪಿನ ಹೆಸರು ಮರೆವ್ವನ ಬಳಗ. ಡೊಳ್ಳಿನ ಪದದಲ್ಲಿ ಎರಡು ಪಂಗಡ: ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಹಾಡುತ್ತಾರೆ, ಹರದೇಶಿಯವರು ಗಂಡೇ ಹೆಚ್ಚು ಎಂದು. ಒಬ್ಬರು ಸವಾಲು ಹಾಡಿದರೆ ಇನ್ನೊಬ್ಬರು ಅದರದೇ ನುಡಿ ಎತ್ತಿಕೊಂಡು, ಅದನ್ನು ಹರಿದು ಚಿಂದಿ ಮಾಡಿ ಜವಾಬು ಹಾಡಬೇಕು. ಮರೆವ್ವ ನಾಗೇಶಿ, ಮುಧೋಳ ಕಡೆಯ ಅಮಸಿದ್ದಪ್ಪ ಹರದೇಶಿ. ಬೀರೇಶ್ವರನ ಗುಡಿಯಲ್ಲಿ ಎರಡೂ ಕಡೆಯವರು ಹಣೆಗೆ ಹಚ್ಚಿಕೊಳ್ಳುವ ಅರಿಶಿನದ ಭಂಡಾರ ಒಂದೇ. ಹೊಸ್ತಿಲು ದಾಟಿ ಹೊರಗೆ ಬಂದರೆ ಹಾವು ಮುಂಗುಸಿ. ಹೆಣ್ಣಿನ ಹೆಚ್ಚುಗಾರಿಕೆಗಾಗಿ ಜೀವ ಕೊಡಲು ತಯಾರಿದ್ದ ಈ ಬಳಗದಲ್ಲಿ ಒಬ್ಬ ಹೆಂಗಸೂ ಇರಲಿಲ್ಲ ಎಂಬುದು ಬೇರೆ ಮಾತು. ಹಿಂದಿನ ತಿಂಗಳು ಅಮಸಿದ್ದಪ್ಪ ತುಂಬಿದ ಸಭೆಯಲ್ಲಿ ಮರೆವ್ವನ ಮೇಲೆ ಒಂದು ಒರಟು ಸವಾಲು ಎಸೆದಾಗಿನಿಂದ ಹುಡುಗರ ಕೈ ತುರಿಸುತ್ತಿದ್ದವು.

ಅಮಸಿದ್ದಪ್ಪನ ಹೊಸ ಆಲ್ಬಂ ಬಂದಾಗ ಪರಮೇಶ ಕೇಳಿದ್ದು ಹುಳುಕು ಹುಡುಕುವುದಕ್ಕೇ. ಬಾಕ್ಸಿನಲ್ಲಿ ಹಚ್ಚಿದರೆ ಮರ್ಯಾದೆ ಹೋಗುತ್ತದೆಂದು ಇಯರ್‌ಫೋನು ಸಿಕ್ಕಿಸಿಕೊಂಡು ಖಾಲಿ ಗಾಡಿ ಓಡಿಸುತ್ತ ಕೇಳಿದ. ಗಂಡಿನ ಬಡಾಯಿಯೆಲ್ಲ ಬಂದು ಹೋಯಿತು, ಬೈಯುತ್ತಲೇ ಕೇಳಿದ. ಕಡೆಯ ನುಡಿಗೆ ಬರುವಾಗ ಡೊಳ್ಳು ನಿಂತಿತು. ಒಂಟಿ ದನಿ ಉಳಿಯಿತು:

ಹೆಗಲ ಕಂಬಳಿ ನಂದಂತ ಮೆರದೆ
ನೂತಾಕಿ ಹೆಸರ ಕೇಳಲಿಲ್ಲೋ ನಾ

ಪರಮೇಶ ಗಾಡಿ ನಿಲ್ಲಿಸಿಬಿಟ್ಟ. ಅವನ ತಾಯಿ ಬದುಕಿದ್ದಷ್ಟು ದಿನ ಉಣ್ಣೆ ನೂತವಳು. ಕಂಬಳಿಗೆ ಮಾತ್ರ ಸಂತೆಯಲ್ಲೆಲ್ಲ ಅಪ್ಪನ ಹೆಸರು. ಗಂಡಿನ ಕಡೆ ಹಾಡುವವನೊಬ್ಬ ತಾನಾಗಿ ಸೋತು ಹಾಡಿದ್ದನ್ನು ಪರಮೇಶ ಜನ್ಮದಲ್ಲಿ ಕೇಳಿರಲಿಲ್ಲ. ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತ. ವೈರಿಯ ಪದಕ್ಕೆ ಅತ್ತೆನಲ್ಲ ಎಂದು ನಾಚಿಕೆಯೂ ಆಯಿತು. ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಒಡೆದೇ ಹೋಗುತ್ತದೆ ಎನ್ನಿಸಿ ಫೋನು ಬಾಯಿಯ ಹತ್ತಿರ ಹಿಡಿದ: "ಇವತ್ತ ಅಮಸಿದ್ದಪ್ಪನ್ನ ಹೊಡೀರಿ. ನಡಕ ಬಿಡಬ್ಯಾಡ್ರಿ, ಕಡೀತನಾ ಹೊಡೀರಿ. ಕಡೀಕ ಕಣ್ಣಾಗ ನೀರ ಬರ್ತಾವು."

ಪದ ಎಂಬ ಎರಡಕ್ಷರ ಸೇರಿಸಿದ್ದರೆ ಮುಗಿದಿತ್ತು. ನಾಚಿಕೆಯಲ್ಲಿ ಅದೇ ಬಿಟ್ಟುಹೋಯಿತು. ಬಳಗದ ಹಿರಿಯನೇ ಅಮಸಿದ್ದಪ್ಪನ ಆಲ್ಬಂ ಕೇಳಿರಿ ಅಂದಾನು ಎಂಬುದು ಆ ಹುಡುಗರ ತಲೆಗೆ ಹೊಳೆಯುವುದಾದರೂ ಹೇಗೆ?

ಶಿವಾಜಿ ಇನ್ನೂ ಹೇಳುತ್ತಲೇ ಇದ್ದ. ಮುಧೋಳದ ಚಹಾದಂಗಡಿಯಲ್ಲಿ ಕೂತಿದ್ದವನನ್ನು ಹಿಂದಿನಿಂದ ಅಂಗಿ ಹಿಡಿದು ಎಳೆದಿದ್ದರು. ಗುರಪ್ಪ ಎದೆಯ ಮೇಲೆ ಮೊಣಕಾಲೂರಿದ್ದ. "ಹಾಡಾವಗ ಎಲ್ಲಿ ಹೊಡೀಬೇಕ ಗೊತ್ತಿಲ್ಲೇನ ನಮಗ? ಬಾಯಿ ಬಿಟ್ಟ ಬ್ಯಾರೆ ಕಡೆ ಕೈ ಹಾಕಲಿಲ್ಲ. ಇಟ್ಟಂಗಿ ತಗೊಂಡು..."

ಮಾತು ಮುಗಿಯುವ ಮೊದಲೇ ಪರಮೇಶ ಅವನ ಕೆನ್ನೆಗೆ ಬಿಗಿದ. ಕೊರಳಪಟ್ಟಿ ಹಿಡಿದು ಟ್ರೇಲರಿಗೆ ಒತ್ತಿ ಇನ್ನೊಂದು, ಮತ್ತೊಂದು. ಶಿವಾಜಿಯ ತುಟಿ ಒಡೆದು ಕಬ್ಬಿನ ರವದಿಯ ಒಣಗರಿಗಳ ಮೇಲೆ ರಕ್ತ ತೊಟ್ಟಿಕ್ಕಿತು. "ಪದಾ ಹೊಡೀರಿ ಅಂದ್ನಲೇ! ಪದಾ ಛಲೋ ಐತಿ, ಕೇಳ್ರಿ ಅಂದ್ನಲೇ ಸೂಳಿಮಗನ!"

ಶಿವಾಜಿ ಕಣ್ಣು ಪಿಳಿಪಿಳಿ ಬಿಟ್ಟ. ಆಮೇಲೆ ಅವನ ಮುಖ ಅರಳಿತು.

"ಭಾರಿ ಐತಿ ಅಣ್ಣಾ. ಪೊಲೀಸರಿಗೆ ಇದನ್ನ ಹೇಳೂಣು. ನಾನೂ ಹಿಂಗ ಹೇಳ್ತೇನಿ, ಪದಾ ಅಂತ ತಿಳಕೊಂಡಿದ್ವಿ ಅಂತ. ತಲಿ ಅಂದ್ರ ನಿಂದು ನೋಡು."

ಅಲ್ಲಿಂದ ಆ ನಿಜ ಸುಳ್ಳಾಗಿಬಿಟ್ಟಿತು. ಗುಂಪಿನಲ್ಲಿ ಪರಮೇಶ ಏನು ಹೇಳಿದರೂ ಹುಡುಗರು ಬಾಯಿಗೆ ಬೆರಳಿಟ್ಟ ಚಿತ್ರ ಕಳಿಸುತ್ತಿದ್ದರು, ಅರ್ಥವಾಯಿತು ಎನ್ನುವ ಹಾಗೆ. ಕಡೀತನಾ ಹೊಡೀರಿ ಎಂಬ ಅವನ ಮಾತು ಮಾತ್ರ ಫೋನಿನಿಂದ ಫೋನಿಗೆ ಹಾರಿ, ಸಂಜೆಯೊಳಗೆ ಡೊಳ್ಳಿನ ಬಡಿತ ಸೇರಿಸಿಕೊಂಡು ತಿರುಗಿ ಅವನಿಗೇ ಬಂತು. ರಾತ್ರಿ ಹೆಂಡತಿ ರೇಷ್ಮಾ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಎಲ್ಲ ಕೇಳಿದಳು.

"ಊರ ಮುಂದ ಹೇಳ್ರಿ ಇದನ್ನ. ನನ್ನ ಮುಂದ್ಯಾಕ? ಹೆಣ್ಣ ಹೆಚ್ಚು ಅಂತ ಒಬ್ಬಂದ ಬಾಯಿ ಮುರದ್ರಿ. ಮನ್ಯಾಗ ಒಂದ ತಂಬಿಗಿ ನೀರ ತುಂಬ್ಕೊಂಡ ಕುಡದಿಲ್ಲ ನೀವು."

"ನಿನ್ನಾಣಿ ರೇಷ್ಮಾ. ನನಗ ಆ ಪದಾ ಮನಸಿಗಿ ಹತ್ತಿತ್ತು."

"ಹತ್ತಿದ್ರ ಹತ್ಲಿ. ಫಿರ್ಯಾದಿ ಆಗೂದ್ರಾಗ ಮೀರಜಿಗಿ ಅಕ್ಕನ ಮನಿಗಿ ನಡೀರಿ," ಎಂದಳು. ಅವಳೂ ನಂಬಿರಲಿಲ್ಲ.

ಪರಮೇಶ ಮೀರಜಿಗೆ ಹೋಗಲಿಲ್ಲ. ಅಮಸಿದ್ದಪ್ಪನನ್ನು ಸೇರಿಸಿದ್ದ ದವಾಖಾನೆಗೆಂದು ಮರುದಿನ ಜಮಖಂಡಿಯ ಬಸ್ಸು ಹತ್ತಿದ. ಜೈಲಾದರೆ ಆಗಲಿ, ಆ ಮನುಷ್ಯನಿಗೆ ಒಂದು ಮಾತು ತಿಳಿಯಬೇಕು: ನಿನ್ನ ಪದಕ್ಕೆ ನಾನು ಅತ್ತೆ, ಹೊಡೆ ಅನ್ನಲಿಲ್ಲ. ಅಷ್ಟು ತಿಳಿಯದೆ ಅವನು ಮಲಗಿದ್ದಾನೆ ಎಂಬುದನ್ನು ಪರಮೇಶನಿಗೆ ಸಹಿಸಲಾಗುತ್ತಿರಲಿಲ್ಲ.

ದವಾಖಾನೆಯ ಮೆಟ್ಟಿಲಿನ ಮೇಲೆ ಅಮಸಿದ್ದಪ್ಪನ ತಮ್ಮ ಪಾಂಡಪ್ಪ ಕೂತಿದ್ದ, ಸುತ್ತ ನಾಕೈದು ಮಂದಿ. ಪರಮೇಶನ ಫೋಟೋ ಅವರೆಲ್ಲರ ಫೋನಿನಲ್ಲೂ ಇತ್ತು. ಯಾರೂ ಹೆಸರು ಕೇಳಲಿಲ್ಲ. ಮೊದಲ ಪೆಟ್ಟು ಕಿವಿಯ ಮೇಲೆ ಬಿತ್ತು. ಎಡಗಿವಿಯಲ್ಲಿ ಗುಂಯ್ ಎಂಬ ಸದ್ದೊಂದು ಹುಟ್ಟಿ ಅಲ್ಲೇ ನಿಂತಿತು. ಬಿದ್ದವನ ಪಕ್ಕೆಗೆ ಒದ್ದರು. ಬೈಕು ನಿಲ್ಲಿಸುವ ಕಡೆ ಎಳೆದುಕೊಂಡು ಹೋಗಿ ಕಿರುಬೆರಳು ಲಟಕ್ಕೆನ್ನುವಂತೆ ಕೈ ತುಳಿದರು. ಪರಮೇಶ ತಿರುಗಿ ಹೊಡೆಯಲಿಲ್ಲ.

"ಕೇಳ್ರಿ... ಪದಾ ಛಲೋ ಇತ್ರೀ. ಪದಾ ಹೊಡೀರಿ ಅಂದಿದ್ದೆ."

"ಇನ್ನೂ ಚ್ಯಾಷ್ಟಿ ಮಾಡ್ತಿ?" ಪಾಂಡಪ್ಪ ಕೂದಲು ಹಿಡಿದು ಅವನ ತಲೆ ಎತ್ತಿದ.

ಬೇರೇನು ಸಾಕ್ಷಿ ಕೊಡಬೇಕು? ರಕ್ತ ತುಂಬಿದ ಬಾಯಲ್ಲೇ ಪರಮೇಶ ಹಾಡಿದ. "ಹೆಗಲ ಕಂಬಳಿ ನಂದಂತ ಮೆರದೆ..."

ಅದೇ ತಪ್ಪಾಯಿತು. ಎದುರಾಳಿಯ ನುಡಿಯನ್ನು ಎತ್ತಿಕೊಂಡರೆ ಅದನ್ನು ಹರಿದು ಚಿಂದಿ ಮಾಡುವುದಕ್ಕೇ ಎಂದು ಬಲ್ಲ ಜನ ಅವರು. ದವಡೆ ಮುರಿದು ಮಲಗಿದವನ ದವಾಖಾನೆಯ ಬಾಗಿಲಿಗೆ ಬಂದು ಜವಾಬು ಹಾಡುತ್ತಾನಲ್ಲ ಎಂದು ಪಾಂಡಪ್ಪನ ತಲೆ ಕೆಟ್ಟಿತು. ಹೆಲ್ಮೆಟ್ಟು ತೆಗೆದುಕೊಂಡು ಬಾಯಿಗೆ ಬೀಸಿದ. ಮುಂದಿನ ಹಲ್ಲು ಗಂಟಲಿಗೆ ಹೋದದ್ದು ಪರಮೇಶನಿಗೆ ತಿಳಿಯಿತು. ಆದರೂ ಎರಡನೆಯ ಸಾಲು ಹೇಗೋ ಹೊರಗೆ ಬಂತು, ಹಾಡಾಗಿ ಅಲ್ಲ, ನರಳಿಕೆಯಾಗಿ.

"ಬಿಡ್ರಿ ಅವನ್ನ!"

ಮೆಟ್ಟಿಲಿನ ಮೇಲೆ ಗಂಜಿಯ ಡಬ್ಬಿ ಹಿಡಿದು ನಿಂತಿದ್ದವಳು ಅಮಸಿದ್ದಪ್ಪನ ಹೆಂಡತಿ ಯಲ್ಲಕ್ಕ. ಕೆಳಗೆ ಬಂದು ಪರಮೇಶನ ಮುಖ ಸುಮ್ಮನೆ ನೋಡಿದಳು. ಮೈದುನನನ್ನು ಆಚೆ ಕಳಿಸಿದಳು.

"ಅದು ಕಡೀ ನುಡಿ. ನಾ ಮುಂದ ಕುಂತಾಗ ಕಟ್ಟಿದ್ದು. ವೈರಿ ಆದಾವ ಅಲ್ಲೀಮಟಾ ಕೇಳೂದಿಲ್ಲ," ಎಂದಳು. "ಏನಾತು ಹೇಳು."

ಪರಮೇಶ ಹೇಳಿದ. ಇಡೀ ಭೂಮಿಯ ಮೇಲೆ ಒಬ್ಬಳು ನಂಬಿದಳು. ನಂಬಿದ್ದು ಅವಳ ಮುಖದಲ್ಲೇ ಕಾಣುತ್ತಿತ್ತು, ಪರಮೇಶ ಹಸುಗೂಸಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ.

"ಅವರ ಮುಂದ ಹೇಳ್ಬೇಕ್ರೆವ್ವಾ. ಅದಕ್ಕ ಬಂದೇನಿ."

"ಹೇಳಬ್ಯಾಡ," ಎಂದಳು ಯಲ್ಲಕ್ಕ.

ಅವನಿಗೆ ಅರ್ಥವಾಗಲಿಲ್ಲ.

"ಮೊದಲ ಕಣ್ಣ ತಗೀವಲ್ರಾಗಿದ್ರು. ತಗದ ಮ್ಯಾಲ ಕೈಸನ್ನಿ ಮಾಡಿ ಕೇಳಿದ್ರು, ಯಾಕ ಹೊಡದ್ರಂತ. ನಾ ಅಂದೆ, ನಿಮ್ಮ ಪದಕ್ಕ ಅವರ ಕಡೆ ಜವಾಬ ಇರಲಿಲ್ಲ, ಅದಕ್ಕ ಹೊಡದ್ರು. ಆವಾಗಿಂದ ಒಂದೀಟ ಗಂಜಿ ಕುಡ್ಯಾಕತ್ತಾರ. ಅದೊಂದ ಮಾತ ಹಿಡಕೊಂಡ ಜೀವಾ ನಿಂತೈತಿ. ಈಗ ನೀ ಹೋಗಿ, ತಪ್ಪ ತಿಳಕೊಂಡ ಹೊಡದ್ರರಿ ಅಂದ್ರ? ಸುಮ್ಮಸುಮ್ಮನ ಬಾಯಿ ಹೋತು ಅಂತ ಆಕ್ಕೈತಿ. ಮತ್ತ ಹಾಡ್ತಾರೇನ ಅವರು?"

ಪರಮೇಶ ಒಡೆದ ತುಟಿಯನ್ನು ಅಂಗಿಯ ತುದಿಯಿಂದ ಒತ್ತಿಕೊಂಡು ನಿಂತ. ಇಲ್ಲಿಯ ತನಕ ಹೊತ್ತು ತಂದದ್ದನ್ನು ಎಲ್ಲಿ ಇಳಿಸಬೇಕೋ ತಿಳಿಯಲಿಲ್ಲ. ಕೊನೆಗೆ, "ಒಮ್ಮಿ ನೋಡ್ಲ್ಯಾ?" ಎಂದ. ಅವಳು ಮುಂದೆ ನಡೆದಳು.

ಬಾಗಿಲ ಬಳಿ ಹೇಳಿಕೆ ಬರೆದುಕೊಳ್ಳಲು ಬಂದ ಹವಾಲ್ದಾರ ಕುರ್ಚಿ ಹಾಕಿಕೊಂಡು ಕೂತಿದ್ದ. ಒಳಗೆ ಅಮಸಿದ್ದಪ್ಪನ ಮುಖಕ್ಕೆ ಗದ್ದದಿಂದ ನೆತ್ತಿಯ ತನಕ ಪಟ್ಟಿ ಸುತ್ತಿದ್ದರು. ಹಲ್ಲುಗಳಿಗೆ ತಂತಿ ಬಿಗಿದಿದ್ದರು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ಇನ್ನೊಂದು ಕಣ್ಣು ಪರಮೇಶನ ಮೇಲೆ ಬಿದ್ದು ಅಲ್ಲೇ ನಿಂತಿತು. ಅವನು ತೋರುಬೆರಳೆತ್ತಿ ಪರಮೇಶನ ಕಡೆ ಮಾಡಿ, ಹುಬ್ಬು ಹಾರಿಸಿದ. ನೀನೇನಾ?

ಯಲ್ಲಕ್ಕ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಹೌದ್ರಿ," ಎಂದ ಪರಮೇಶ. "ನಾನ ಹೊಡೀರಿ ಅಂದಾವ."

ಹವಾಲ್ದಾರ ಎದ್ದು ನಿಂತ. ಅಮಸಿದ್ದಪ್ಪ ಅಂಗೈ ತಿರುವಿದ. ಯಾಕೆ?

"ತಡಕೊಳ್ಳಾಕ ಆಗಲಿಲ್ಲರಿ ನಿಮ್ಮ ಪದಾ." ಪರಮೇಶ ಒಂದು ಹೆಜ್ಜೆ ಮುಂದೆ ಬಂದ. "ಜವಾಬ ಇರಲಿಲ್ಲರಿ ನಮ್ಮ ಕಡೆ."

ಹವಾಲ್ದಾರ ಅವನ ರಟ್ಟೆ ಹಿಡಿದ. ಹಾಸಿಗೆಯ ಮೇಲೆ ಅಮಸಿದ್ದಪ್ಪ ಮೊಣಕೈ ಊರಿ ತುಸು ಮೇಲೆ ಸರಿದು ಕೂತ. ಪಟ್ಟಿಯ ಸಂದಿಯಿಂದ ಹೊರಗೆ ಉಳಿದಿದ್ದ ಮೀಸೆಯ ಒಂದು ತುದಿಯನ್ನು ಎರಡು ಬೆರಳಲ್ಲಿ ಹಿಡಿದು, ಮೆಲ್ಲಗೆ ತಿರುವಿದ.