ಒಂದು ಗೇಣು ಗೋಡು

"ಮ್ಯಾಲಿಂದ ನೋಡ್ದಾಗ ಗೊತ್ತಾಗ್ಲಿಲ್ಲ ಅಂದ್ರೆ ಈಗ ಇಲ್ಲೇ ನಿಂತ್ಕಂಡು ನೋಡಮ್ಮಾ. ಇದು ಕೆರೆನೋ, ಹೊಲಾನೋ?"

ಕಾಂತರಾಜು ತನ್ನ ಅಕ್ಕನ ಮಗಳು ಚಂದನಳನ್ನು ಮನೆಗೂ ಕರೆಯದೆ, ನಂದಗುಡಿ ಬಸ್ಸಿಳಿದವಳನ್ನು ಸೀದಾ ಹೊಲಕ್ಕೇ ಕರೆತಂದಿದ್ದ. ಕೈಯಲ್ಲಿ ನೋಟೀಸು. ಎರಡು ಎಕರೆ ಹತ್ತು ಗುಂಟೆ ಕೆರೆ ಒತ್ತುವರಿ, ಹದಿನೈದು ದಿನದಲ್ಲಿ ಬಿಡತಕ್ಕದ್ದು. ಜೊತೆಗೊಂದು ಬಣ್ಣದ ನಕ್ಷೆ. ನಕ್ಷೆಯ ಮೂಲೆಯಲ್ಲಿ ಚಂದನಳ ಹೆಸರು.

ಅವಳ ಕೆಲಸವೇ ಅಂಥದ್ದು. ಮಂಗಳ ಗ್ರಹವನ್ನು ಸುತ್ತುವ ನೌಕೆ ತೆಗೆದ ಅತಿಗೆಂಪು ಚಿತ್ರಗಳನ್ನು ನೋಡಿ, ಅಲ್ಲಿನ ನೆಲದಲ್ಲಿ ಎಂಥ ಮಣ್ಣು, ಎಂಥ ಕಲ್ಲು ಎಂದು ಹೇಳುವುದು. ನಿಂತ ನೀರಿನಡಿ ಕೂತ ಜೇಡಿ ಕಂಡರೆ, ಒಂದು ಕಾಲಕ್ಕೆ ಅಲ್ಲಿ ಕೆರೆಯಿತ್ತು ಎಂದು ಲೆಕ್ಕ. ಲೆಕ್ಕ ಸರಿಯೋ ತಪ್ಪೋ ಎಂದು ಮೊದಲು ಗೊತ್ತಿರುವ ನೆಲದ ಮೇಲೆ ಪರೀಕ್ಷೆ ಮಾಡಬೇಕಲ್ಲ? ಅವಳಿಗೆ ಗೊತ್ತಿದ್ದ ನೆಲ ಅಮ್ಮನ ತವರಿನದು. ಭೂಮಿಯನ್ನು ಸುತ್ತುವ ಉಪಗ್ರಹದ ಅಂಥದೇ ಚಿತ್ರದಲ್ಲಿ ಅಲ್ಲಿನ ಕೆರೆ ಅಚ್ಚುಕಟ್ಟಾಗಿ ಕಂಡಿತ್ತು. ಪಕ್ಕದ ಮಾವನ ಹೊಲವೂ ಅದೇ ಬಣ್ಣದಲ್ಲಿತ್ತು. 'ಹಳೆಯ ಕೆರೆಯಂಗಳ' ಎಂದು ಬರೆದು ಪ್ರಬಂಧಕ್ಕೆ ಸೇರಿಸಿದ್ದಳು. ಒತ್ತುವರಿ ಹುಡುಕುವವರ ಕಣ್ಣಿಗೆ ಅದು ಬಿತ್ತು.

"ಗೋಡು ಕಣೇ ಇದು," ಎಂದಳು ಕಾಂತರಾಜುವಿನ ಹೆಂಡತಿ ಅನುಸೂಯಮ್ಮ. "ಬೇಸ್ಗೇಲಿ ಕೆರೆ ಒಣಗ್ದಾಗ ಅದರ ಮಣ್ಣು ತಂದು ಹೊಲಕ್ಕೆ ಹೊಡೀತೀವಿ. ಅಜ್ಜನ ಕಾಲ್ದಿಂದ. ಟ್ರಾಕ್ಟರ್‌ನಾಗೆ ಗೋಡಿನ ಮ್ಯಾಲೆ ಕೂತ್ಕಂಡು ಬರ್ತಿದ್ದೋಳು ನೀನೇ ಅಲ್ವಾ? ಲಂಗವೆಲ್ಲ ಬಳ್ಕಂಡು?"

ಅನುಸೂಯಮ್ಮ ಸೆರಗು ಸಿಕ್ಕಿಸಿಕೊಂಡು ಗುದ್ದಲಿ ಎತ್ತಿದಳು. ಒಂದು ಗೇಣು ಕಪ್ಪು ಮಣ್ಣು ಬಂತು. ಅದರ ಕೆಳಗೆ ಕೆಂಪು, ಇನ್ನೂ ಅಗೆದರೂ ಕೆಂಪೇ.

"ನಿನ್ ಮಿಷಿನ್ನು ಎಷ್ಟು ಆಳಕ್ಕೆ ನೋಡುತ್ತೆ?"

"ಮೇಲಿನ ಪದರ ಅಷ್ಟೇ, ಅತ್ತೆ. ಕೂದಲೆಳೆಯಷ್ಟು."

"ಅಷ್ಟು ನೋಡ್ಬಿಟ್ಟು ನಮ್ಮ ಹೊಲ ಬರ್ಕೊಟ್ಬಿಟ್ಯಾ?" ಕಾಂತರಾಜು ಹಾಳೆ, ಪೆನ್ನು ಮುಂದೆ ಹಿಡಿದ. "ತಪ್ಪಾಗೈತೆ ಅಂತ ಬರಿ."

"ಬರೆದುಕೊಟ್ರೆ ಮಂಗಳದ್ದೂ ಹೋಗುತ್ತೆ, ಮಾವ. ಇಲ್ಲಿ ತಪ್ಪಿದೋಳು ಅಲ್ಲೂ ತಪ್ಪಿರ್ತಾಳೆ ಅಂತಾರೆ. ನಾಲ್ಕು ವರ್ಷದ ಕೆಲಸ."

"ಇದು ನಮ್ಮ ಅನ್ನ ಕಣಮ್ಮಾ."

"ಆ ಮಂಗಳ್ದಾಗೂ ಗೋಡು ಹೊಡೆಯೋರು ಇದಾರಾ?" ಅನುಸೂಯಮ್ಮ ಕೇಳಿದಳು.

"ಯಾರೂ ಇಲ್ಲ."

"ಮತ್ತೇನು ನಿಂಗೆ ಭಯ?"

ಆದರೆ ಮಂಗಳದಲ್ಲಿ ಗಾಳಿಯಿತ್ತು. ಒಂದು ಕಡೆಯ ಮಣ್ಣನ್ನು ಇನ್ನೊಂದು ಕಡೆಗೆ ಹೊತ್ತು ಹಾಕುತ್ತಲೇ ಇರುವ ಗಾಳಿ. ತಾನು ಕೆರೆ ಎಂದು ಬರೆದ ಜಾಗಗಳೆಲ್ಲ ಚಂದನಳಿಗೆ ಒಂದೊಂದಾಗಿ ನೆನಪಾದವು. ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ಮೊಣಕಾಲ ಮೇಲೆ ಹಾಳೆಯಿಟ್ಟು ಬರೆದಳು: ಈ ಜಮೀನಿನ ಜೇಡಿಮಣ್ಣು ಹೊರಗಿನಿಂದ ತಂದು ಹರಡಿದ್ದು, ನನ್ನ ನಕ್ಷೆ ತಪ್ಪು.

ಕಾಂತರಾಜು ಎರಡು ಸಲ ಓದಿದ. "ನಕ್ಷೇಲಿ ನಿನ್ನ ಹೆಸ್ರು ಎಷ್ಟು ದಪ್ಪಕ್ಕೈತೋ ಇಲ್ಲೂ ಅಷ್ಟೇ ದಪ್ಪಕ್ಕೆ ಬರಿ."

ಬರೆದಳು.

"ಒಂದೂವರೆಗೆ ಬಸ್ಸೈತೆ," ಎಂದ. ಊಟದ ಮಾತು ಅವನೂ ಎತ್ತಲಿಲ್ಲ, ಅನುಸೂಯಮ್ಮನೂ ಎತ್ತಲಿಲ್ಲ.

ಚಂದನ ಎದ್ದು, ಹತ್ತಿರವಿದ್ದ ಕಪ್ಪು ಮಣ್ಣನ್ನು ಕಾಲಿಂದ ಗುಂಡಿಗೆ ನೂಕಲು ಹೋದಳು. ಅನುಸೂಯಮ್ಮ ಗುದ್ದಲಿಯ ಕಾವನ್ನು ಅಡ್ಡ ಹಿಡಿದು ಅವಳನ್ನು ಪಕ್ಕಕ್ಕೆ ಸರಿಸಿದಳು. ಮೊದಲು ಕೆಂಪು ಮಣ್ಣನ್ನಷ್ಟೂ ಎಳೆದು ತುಂಬಿ, ಹಿಮ್ಮಡಿಯಲ್ಲಿ ತುಳಿದು, ಆಮೇಲೆ ಕಪ್ಪನ್ನು ಅದರ ಮೇಲೆ ತೆಳ್ಳಗೆ ಹರಡತೊಡಗಿದಳು.