ಚಿಲ್ಲರೆಯ ಹಾಸಿಗೆ

ಕುಶನ್ ಮೇಸ್ತ್ರಿ ಹೊಲಿದ ಸೋಫಾದ ಮೇಲೆ ಒಮ್ಮೆ ಕೂತವರು ತಾವಾಗಿ ಎದ್ದದ್ದನ್ನು ಯಾರೂ ಕಂಡಿಲ್ಲ. ಒಬ್ಬ ನ್ಯಾಯಾಧೀಶರಂತೂ ಮೆತ್ತಗಿದೆಯೇ ನೋಡೋಣವೆಂದು ಸುಮ್ಮನೆ ಒರಗಿದವರು ಅಲ್ಲೇ ನಿದ್ದೆ ಹೋದರು. ಅತ್ತ ಕೋರ್ಟು ಕಾದು ಕಾದು ಸುಸ್ತಾಗಿ, ಕಳ್ಳ, ಪೊಲೀಸರು, ವಕೀಲರು ಎಲ್ಲರೂ ಅಂಗಡಿಗೇ ಬಂದು ವಿಚಾರಣೆ ಮುಗಿಸಿದರು. ಶಿಕ್ಷೆಯಾದ ಕಳ್ಳ ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಗೊರಕೆ ಹೊಡೆದ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೇಸ್ತ್ರಿ ಈ ಕಥೆ ಹೇಳುತ್ತಿದ್ದ. ಹೇಳಿದಾಗಲೆಲ್ಲ ವಕೀಲರು ಹೆಚ್ಚುತ್ತಾ ಹೋಗುತ್ತಿದ್ದರು. ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದರೂ ಅವನ ಮಾತಿಗೆ ತಡೆಯಿರಲಿಲ್ಲ.

ಅವನಿಗೆ ತಕ್ಕ ಅಕ್ಕ. ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವಳು. ಅವಳು "ರೈಟ್!" ಎಂದರೆ ಅವಳ ಬಸ್ಸಷ್ಟೇ ಅಲ್ಲ, ನಿಲ್ದಾಣದಲ್ಲಿದ್ದ ಬಸ್ಸುಗಳೆಲ್ಲ ಹೊರಟುಬಿಡುತ್ತಿದ್ದವು, ಅವುಗಳ ಡ್ರೈವರುಗಳು ಟೀ ಲೋಟ ಹಿಡಿದುಕೊಂಡು ಹಿಂದೆ ಓಡುತ್ತಿದ್ದರು. ಆದರೆ ನಿವೃತ್ತಿಯ ಮೇಲೆ ಆ ಗಂಟಲಿಗೆ ಕೆಲಸವೇ ಇಲ್ಲದಂತಾಯಿತು. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ, ಕಿಟಕಿಯ ಪಕ್ಕ ಕೂತು, ಬೀದಿಯ ಬಸ್ಸುಗಳನ್ನು ನೋಡುತ್ತಿದ್ದಳು. ತಮ್ಮ ಎಷ್ಟು ಬಣ್ಣ ಕಟ್ಟಿ ಹೇಳಿದರೂ ಬರೀ "ಹ್ಞೂಂ."

ಅಂಥವಳು ಒಂದು ಬೆಳಿಗ್ಗೆ ಎದ್ದುಹೋಗಿ ಸಾಕುಪ್ರಾಣಿ ಅಂಗಡಿಯಿಂದ ನಾಯಿಮರಿಯೊಂದನ್ನು ಕೊಂಡು ತಂದಳು. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಮಡಚಿಕೊಂಡು. ಎರಡು ಅಂಗೈ ಜೋಡಿಸಿದರೆ ಅದರಲ್ಲೇ ಮಲಗುವಷ್ಟು.

"ಏನಕ್ಕಾ, ಇಲಿಗೂ ದುಡ್ಡು ಕೊಟ್ಟು ಬಂದ್ಯಾ?"

"ಬಾಯ್ಮುಚ್ಚೋ. ಇವನ ಹೆಸರು ಚಿಲ್ಲರೆ."

"ಅದೂ ಒಂದು ಹೆಸರಾ?"

"ಜೀವಮಾನವೆಲ್ಲಾ ಜನ ಚಿಲ್ಲರೆ ಕೊಡಿ, ಚಿಲ್ಲರೆ ಕೊಡಿ ಅಂತ ನನ್ನ ಪ್ರಾಣ ತಿಂದ್ರು. ಇದೊಂದನ್ನ ಯಾರಿಗೂ ಕೊಡಲ್ಲ, ಹೋಗು."

ಅವತ್ತಿನಿಂದ ಆ ಗಂಟಲು ವಾಪಸ್ ಬಂತು. ಅವಳು "ಚಿಲ್ಲರೇ!" ಎಂದು ಕೂಗಿದರೆ ಬೀದಿಯ ತುದಿಯ ಅಂಗಡಿಯವನು ಬೆಚ್ಚಿಬಿದ್ದು ಗಲ್ಲಾಪೆಟ್ಟಿಗೆ ತೆಗೆಯುತ್ತಿದ್ದ. ಮರಿಗೆ ಒಂದು ಚುಚ್ಚುಮದ್ದು ಆಗಿತ್ತು, ಉಳಿದವು ಬಾಕಿ ಇದ್ದವು. ಅಲ್ಲಿಯವರೆಗೆ ಅದನ್ನು ಹೊರಗಿನ ನೆಲಕ್ಕೆ ಬಿಡಬಾರದೆಂದು ಮರಿ ಮಾರಿದವರು ಹೇಳಿದ್ದೇ ತಡ, ಅಕ್ಕ ಮನೆಯ ನೆಲಕ್ಕೂ ಬಿಡಲಿಲ್ಲ. ಮಡಿಲಿಂದ ಭುಜ, ಭುಜದಿಂದ ಮಡಿಲು.

ಇಷ್ಟಾದಮೇಲೆ ಮೇಸ್ತ್ರಿ ಸುಮ್ಮನಿರುತ್ತಾನೆಯೇ? ಮರಿಗೊಂದು ಹಾಸಿಗೆ ಹೊಲಿಯಲು ಕೂತ. ಈ ಕಸುಬಿನಲ್ಲೊಂದು ರೂಢಿಯಿದೆ: ಬಿಚ್ಚಿದ ಸೋಫಾದ ಹೊಟ್ಟೆಯಿಂದ ಬಂದ ಹಳೆಯ ಸ್ಪಂಜು, ಬಟ್ಟೆ ಎಲ್ಲ ಮೇಸ್ತ್ರಿಯ ಪಾಲು. ಆಗಷ್ಟೇ ಹಲ್ಲಿನ ಡಾಕ್ಟರಮ್ಮನ ಸೋಫಾ ರಿಪೇರಿಗೆ ಬಂದಿತ್ತು. ಒಳಗಿನ ಸ್ಪಂಜು ಬೆಣ್ಣೆಯಂತಿತ್ತು. ಮೇಲಿನ ಮಖಮಲ್ಲು ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು. ಇಷ್ಟು ಚೆನ್ನಾಗಿರುವುದನ್ನು ಯಾಕೆ ಬದಲಾಯಿಸುತ್ತಾರೋ ಎಂದು ಅವನಿಗೆ ಅನಿಸಿದ್ದು ನಿಜ. ದುಡ್ಡಿದ್ದವರ ಚಪಲ ಎಂದುಕೊಂಡ. ಮಖಮಲ್ಲಿನಲ್ಲಿ ಬಿಳಿಯ ಗಿಡ್ಡ ಕೂದಲುಗಳಿದ್ದವು. ಒಳ್ಳೇದೇ ಆಯಿತು, ತನ್ನ ಜಾತಿಯ ವಾಸನೆಗೆ ಮರಿ ಬೇಗ ಮಲಗೀತು ಎಂದು, ಕೊಡವಿ ಹೊಲಿದ. ಅಂಚಿನ ಸುತ್ತ ಹುರಿಯಂಥ ಪೈಪಿಂಗು, ನಡುವೆ ಗುಂಡಿಗಳು. ಚಕ್ರವರ್ತಿಗಳು ನೋಡಿದ್ದರೆ ಸಿಂಹಾಸನ ಇಳಿದು ಬಂದು ನಾಯಿಯ ಹತ್ತಿರ ಜಾಗ ಕೇಳುತ್ತಿದ್ದರು. ಚಿಲ್ಲರೆ ಅದರ ಮೇಲೆ ಸುತ್ತು ಹೊಡೆದು, ಮೂಗು ಹುದುಗಿಸಿ, ನಿಟ್ಟುಸಿರು ಬಿಟ್ಟು ಮಲಗಿತು. ಅಕ್ಕ ಬಂದು ನೋಡಿ, "ಪರವಾಗಿಲ್ವೋ, ಕೈಯಲ್ಲಿ ಏನೋ ಇದೆ ನಿಂಗೆ," ಅಂದಳು. ಬೇಕಾದರೆ ಆಣೆ ಮಾಡಿಯೇನು, ಹುಟ್ಟಿದಾಗಿನಿಂದ ಅವಳು ಅವನನ್ನು ಹೊಗಳಿದ್ದು ಅದೊಂದೇ ಸಲ.

ಒಂದು ವಾರ ಕಳೆಯುವುದರೊಳಗೆ ಮರಿ ಹಾಲು ಮುಟ್ಟದಾಯಿತು. ಮೊದಲು ಹಳದಿ ನೊರೆ ಕಾರಿಕೊಂಡಿತು. ಆಮೇಲೆ ರಕ್ತಭೇದಿ. ಆ ವಾಸನೆ ಅಂಗಡಿಯ ಅಂಟು, ಬಣ್ಣದ ಘಾಟನ್ನೆಲ್ಲ ತಳ್ಳಿಕೊಂಡು ಬೀದಿಯವರೆಗೂ ಹೋಯಿತು. ನೆಟ್ಟಗಿದ್ದ ಕಿವಿಯೂ ಬಿದ್ದುಹೋಯಿತು. ಅಕ್ಕ ಅದನ್ನು ಟವೆಲಿನಲ್ಲಿ ಸುತ್ತಿಕೊಂಡು ಓಡಿದಳು. ಮೇಸ್ತ್ರಿ ಬಾಗಿಲು ಹಾಕುವುದನ್ನೂ ಮರೆತು ಹಿಂದೆಯೇ ಓಡಿದ.

ಪ್ರಾಣಿ ಆಸ್ಪತ್ರೆಯ ಸ್ಟೀಲ್ ಮೇಜಿನ ಮೇಲೆ ಮರಿ ಒದ್ದೆ ಕೈವಸ್ತ್ರದ ಹಾಗೆ ಬಿದ್ದಿತ್ತು. ಡಾಕ್ಟರು ಮುಂಗಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ಡ್ರಿಪ್ ಹಾಕಿದರು.

"ಪಾರ್ವೊ. ಕರುಳಿನ ಸೋಂಕು. ಇಷ್ಟು ಚಿಕ್ಕದಕ್ಕೆ ಕಷ್ಟ," ಎಂದರು. "ಹೊರಗಡೆ ನೆಲಕ್ಕೆ ಬಿಟ್ಟಿದ್ರಾ?"

"ನೆಲಾನಾ? ಇದರ ಪಾದಕ್ಕೆ ಮಣ್ಣು ಹೇಗಿರುತ್ತೆ ಅಂತಾನೇ ಗೊತ್ತಿಲ್ಲ, ಡಾಕ್ಟ್ರೇ," ಎಂದಳು ಅಕ್ಕ.

"ಹಾಗಾದ್ರೆ ಬೇರೆ ನಾಯಿಯ ಬಟ್ಟೆ, ತಟ್ಟೆ ಏನಾದ್ರೂ? ಈ ವೈರಸ್ಸು ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ. ಚಪ್ಪಲಿಯಲ್ಲೂ, ಕೈಯಲ್ಲೂ ಬರುತ್ತೆ."

ಮೇಸ್ತ್ರಿಗೆ ಮಖಮಲ್ಲಿನ ಆ ಬಿಳಿಯ ಗಿಡ್ಡ ಕೂದಲುಗಳು ನೆನಪಾದವು.

"ಕೈಯಲ್ಲಾ?" ಎಂದಳು ಅಕ್ಕ. ತನ್ನ ಅಂಗೈಗಳನ್ನು ತಿರುಗಿಸಿ ನೋಡಿದಳು. "ಬಸ್ ನಿಲ್ದಾಣದ ಹತ್ರ ಒಂದು ಕುಂಟು ನಾಯಿ ಇದೆ. ಮೊನ್ನೆ ಅದರ ತಲೆ ಸವರಿ ಬಂದೆ. ಕೈ ತೊಳೆದ್ನೋ ಇಲ್ವೋ..."

ಡಾಕ್ಟರು ಡ್ರಿಪ್ಪಿನ ವೇಗ ಸರಿಮಾಡಿದರು. ಅಕ್ಕ ಬೆಂಚಿನ ಮೇಲೆ ಕೂತು, ಆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, "ತಮ್ಮಾ, ಅದು ನಡುಗ್ತಿದೆ ಕಣೋ. ಅದರ ಹಾಸಿಗೆ ತಗೊಂಡು ಬಾ. ಅದರಲ್ಲಾದ್ರೆ ಮಲಗುತ್ತೆ," ಎಂದಳು.

ಮೇಸ್ತ್ರಿ ಹೊರಟ. ಆದರೆ ಅವನ ಕಾಲು ಮನೆಗೆ ಹೋಗದೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಮುಂದೆ ನಿಂತಿತು. ಹೋದವಾರ ತಾನೇ ತಲುಪಿಸಿದ ಸೋಫಾ ಅಲ್ಲಿ, ಹೊಸ ಬೂದು ಬಟ್ಟೆ ಹೊದ್ದು, ಹಲ್ಲುನೋವಿನವರನ್ನು ಕೂರಿಸಿಕೊಂಡಿತ್ತು.

"ಏನ್ ಮೇಸ್ತ್ರೀ, ಹಲ್ಲಾ?"

"ಅಲ್ಲಮ್ಮಾ. ಒಂದು ಕೇಳ್ಬೇಕಿತ್ತು. ನಿಮ್ಮನೇಲಿ ನಾಯಿ ಇತ್ತಾ?"

ಡಾಕ್ಟರಮ್ಮ ಬಾಯಿಗವಸು ಕೆಳಗಿಳಿಸಿದರು. "ಹೇಳಿದ್ನಲ್ಲ ನಿಮಗೆ. ಬಿಳೀ ಮರಿ. ಆಗ ಮನೇಲಿದ್ದ ಈ ಸೋಫಾ ಮೇಲೇ ಹೋಯ್ತು, ಪಾರ್ವೊ ಬಂದು. ಅದಕ್ಕೇ ಎಲ್ಲಾ ಬದಲಾಯಿಸಿ, ಹಳೇದನ್ನ ಸುಟ್ಟುಬಿಡಿ ಅಂದೆ. ಸುಟ್ರಿ ತಾನೇ?"

"ಯಾವಾಗ ಹೇಳಿದ್ರಿ?"

"ಸೋಫಾ ಕೊಟ್ಟ ದಿನಾನೇ. ನೀವು ಅದೇನೋ ಜಡ್ಜು ನಿದ್ದೆ ಮಾಡಿದ್ದು ಹೇಳ್ತಿದ್ರಿ. ನಡುವೆ ಎರಡು ಸಲ ಹೇಳ್ದೆ. ಹ್ಞೂಂ ಹ್ಞೂಂ ಅಂದ್ರಲ್ಲ?"

ಅಂದಿರಬೇಕು. ಕಳ್ಳ ಗೊರಕೆ ಹೊಡೆಯುವ ಘಟ್ಟ ಬಂದಾಗ ಅವನು ಎಲ್ಲದಕ್ಕೂ ಹ್ಞೂಂ ಅನ್ನುತ್ತಿದ್ದ.

ಮನೆಯಲ್ಲಿ ಹಾಸಿಗೆಯ ನಡುವೆ ಚಿಲ್ಲರೆ ಮಲಗುತ್ತಿದ್ದ ಜಾಗ ಇನ್ನೂ ಸಣ್ಣ ಬಟ್ಟಲಿನಂತೆ ತಗ್ಗಾಗಿತ್ತು. ಮೇಸ್ತ್ರಿ ಅದನ್ನು ಹಿತ್ತಲಿನ ತಗಡಿನ ಡಬ್ಬಕ್ಕೆ ಹಾಕಿ ಕಡ್ಡಿ ಗೀರಿದ. ಬೆಣ್ಣೆಯಂಥ ಸ್ಪಂಜು ಕರೀ ಹೊಗೆಯಾಗಿ, ಟಾರಿನಂತೆ ಕರಗಿ, ಗುಂಡಿಗಳನ್ನು ಮಾತ್ರ ಉಳಿಸಿತು. ಊರೆಲ್ಲ ಕಪ್ಪಾಯಿತು ಎನ್ನಬಹುದಿತ್ತು. ನಿಜಕ್ಕೂ ಕಪ್ಪಾದದ್ದು ಹಿತ್ತಲಿನ ಒಂದು ಗೋಡೆ.

ಅವನ ಮುಂದೆ ಒಂದು ಸುಲಭದ ದಾರಿಯಿತ್ತು. ಅಕ್ಕ ಆಗಲೇ ತಪ್ಪನ್ನು ತನ್ನ ಕೈಗೆ ಹಚ್ಚಿಕೊಂಡಿದ್ದಳು. ಹಾಸಿಗೆ ಗಲೀಜಾಗಿತ್ತು, ಒಗೆಯಲು ಹಾಕಿದ್ದೇನೆ ಎಂದರೆ ಮುಗಿಯಿತು. ನ್ಯಾಯಾಧೀಶರನ್ನೇ ಮಲಗಿಸಿದವನಿಗೆ ಇದ್ಯಾವ ಲೆಕ್ಕ? ಆಸ್ಪತ್ರೆಯ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಲ್ಲಿ ಮೊಳೆಯ ಹಾಗೆ ಕಚ್ಚಿಕೊಂಡು ನಡೆದ.

ಬೆಂಚಿನ ಹತ್ತಿರ ಹೋದರೆ ಅಕ್ಕನ ಕೈಗಳು ಕೆಂಪಾಗಿದ್ದವು. ಗಳಿಗೆಗೊಮ್ಮೆ ಎದ್ದು ಸೋಪಿನಲ್ಲಿ ಉಜ್ಜುತ್ತಿದ್ದಾಳೆಂದು ಅಲ್ಲಿಯ ನರ್ಸು ಹೇಳಿದಳು.

"ಹಾಸಿಗೆ ಎಲ್ಲೋ?"

"ಸುಟ್ಟುಹಾಕ್ದೆ ಅಕ್ಕ. ಅದು ಹಲ್ಲಿನ ಡಾಕ್ಟರಮ್ಮನ ಸೋಫಾದ ಸ್ಪಂಜು. ಅವರ ಮರಿ ಇದೇ ಕಾಯಿಲೆಯಿಂದ ಅದರ ಮೇಲೆ ಸತ್ತಿತ್ತು. ಸುಡು ಅಂತ ಹೇಳಿದ್ರಂತೆ, ನಾನು ಕೇಳಿಸಿಕೊಳ್ಳಲಿಲ್ಲ. ನಿನ್ನ ಕೈಯಿಂದ ಬಂದಿದ್ದಲ್ಲ."

ಆಯುಷ್ಯದಲ್ಲಿ ಅವನು ಹೇಳಿದ ಅತಿ ಚಿಕ್ಕ ಕಥೆ ಅದು.

ಅಕ್ಕ ಅವನ ಮುಖವನ್ನೇ ನೋಡಿದಳು. ಬಸ್ಸಿನಲ್ಲಿ ಮೈಮೇಲೆ ಬೀಳುವ ಪುಂಡರಿಗೆ, ಕುಡಿದು ಗಲಾಟೆ ಮಾಡುವವರಿಗೆ ಹೇಳುತ್ತಿದ್ದ ಒಂದೇ ಮಾತನ್ನು, ದನಿ ಎತ್ತದೆ ಹೇಳಿದಳು: "ಇಳಿ."

ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಒಳಗಿನಿಂದ ನೆಲ ಒರೆಸುವ ಔಷಧಿಯ ವಾಸನೆ ಬರುತ್ತಿತ್ತು. ಯಾರೋ ಬೆಕ್ಕಿನ ಬುಟ್ಟಿ ಹಿಡಿದು ಬಂದರು, ಹೋದರು.

ಬಿಸಿಲು ಎದುರಿನ ಮಾಳಿಗೆ ದಾಟುವ ಹೊತ್ತಿಗೆ ಅಕ್ಕ ಟವೆಲಿನ ಗಂಟು ಎತ್ತಿಕೊಂಡು ಹೊರಗೆ ಬಂದಳು. ಗಂಟು ಅಲುಗುತ್ತಿರಲಿಲ್ಲ. ಅವಳು ಮೆಟ್ಟಿಲಿಳಿದು ನಡೆದಳು. ಅವನು ಹಿಂದೆ ನಡೆದ. ಬಸ್ಸೊಂದು ಪಕ್ಕದಲ್ಲೇ ಹಾದುಹೋಯಿತು. ಅವಳು ಕತ್ತೆತ್ತಲಿಲ್ಲ.

ಹಿತ್ತಲಿನ ಮೂಲೆಯಲ್ಲಿ ಅವನು ಅಗೆದ. ಅಕ್ಕ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿದ್ದಳು. ಗುಂಡಿ ಸಾಕಷ್ಟು ಆಳವಾದರೂ ಕೊಡಲಿಲ್ಲ.

"ಏನಾದ್ರೂ ಹೇಳೋ," ಎಂದಳು. "ನಿನ್ನ ಆ ಜಡ್ಜ್ ಕಥೆನಾದ್ರೂ ಹೇಳು."

ಮೇಸ್ತ್ರಿ ಗುದ್ದಲಿಯ ಹಿಡಿ ನೋಡುತ್ತಾ ನಿಂತ.

"ಅವರು ಬಂದ್ರು, ಕೂತ್ರು, ಬೆಲೆ ಜಾಸ್ತಿ ಆಯ್ತು ಅಂದ್ರು," ಎಂದ. "ಎದ್ದು ಹೋದ್ರು, ಅಕ್ಕ."

"ಹ್ಞೂಂ," ಎಂದಳು ಅಕ್ಕ.