ಶನಿವಾರದ ಸಂತೆಯ ಕ್ಯಾಸೆಟ್ಟು

ಈಶ್ವರಮ್ಮನ ಫೋನು ಬಂದಾಗ ಜಗದಾಂಬಾ ಸೊಸೈಟಿ ಆಫೀಸಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದಳು.

"ಅಕ್ಕ, ನಾನು ಭದ್ರಾವತಿ ನ್ಯೂ ಟೌನಿಂದ. ಜಯಕುಮಾರ್ ಮನೆಯವಳು. ಅವರಿಗೆ ಸ್ಟ್ರೋಕ್ ಆಗಿ ನಾಲ್ಕು ತಿಂಗಳಾಯ್ತು. ಬಲಗಡೆ ಕೈಕಾಲು ಸ್ವಾಧೀನ ಇಲ್ಲ. ಮಾತೂ ಹೋಯ್ತು."

ಜಗದಾಂಬಾ ಬುತ್ತಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು. ಅಯ್ಯೋ ಅನ್ನಬೇಕು ಅನ್ನುವುದು ನೆನಪಾಗಿ, ಅಂದಳು.

"ಮಾತು ಕಲಿಸೋಕೆ ಒಬ್ಬ ಹುಡುಗಿ ಬರ್ತಾಳೆ. ಅವರದ್ದೇ ಹಳೇ ಧ್ವನಿ ಇದ್ರೆ ಕೇಳ್ಸಿ, ಒಂದೊಂದ್ಸಲ ನಾಲಿಗೆ ತಿರುಗುತ್ತೆ ಅಂದ್ಲು. ನಿಮ್ಮ ಆ ಪ್ರೋಗ್ರಾಮಿಂದು ಏನಾದ್ರೂ ಇದೆಯಾ ಅಕ್ಕ?"

ಆ ಪ್ರೋಗ್ರಾಮು ಎಂದರೆ 'ಶನಿವಾರದ ಸಂತೆ'. ಇಪ್ಪತ್ತೈದು ವರ್ಷದ ಹಿಂದೆ ದುರ್ಗಿಗುಡಿಯ ಒಂದು ಬಟ್ಟೆ ಅಂಗಡಿಯ ಮೇಲೆ, ಕೇಬಲ್ ಮಾಲೀಕ ಮೂರ್ತಪ್ಪನವರ ಒಂದೇ ಕೋಣೆಯಲ್ಲಿ ನಡೆಯುತ್ತಿದ್ದ ಕಾರ್ಯಕ್ರಮ. ಹಿಂದೆ ಒಂದು ನೀಲಿ ಪರದೆ, ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಟೆಲಿಫೋನು. ಸದ್ದು ಬರುತ್ತದೆಂದು ಫ್ಯಾನು ಆಫ್. ಪ್ರತಿ ಶನಿವಾರ ಸಂಜೆ ಏಳರಿಂದ ಎಂಟರವರೆಗೆ ಊರಿನ ಮಕ್ಕಳ ಹಾಡು, ಡ್ಯಾನ್ಸು, ನಗೆ ನಾಟಕ, ನಡುನಡುವೆ ಜನರ ಫೋನು. ಜಗದಾಂಬಾ ನಿರೂಪಕಿ. ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಭದ್ರಾವತಿಯಿಂದ ಬಸ್ಸು ಹತ್ತಿ ಬರುತ್ತಿದ್ದ ಜಯಕುಮಾರ್ ಮಿಮಿಕ್ರಿ ಮಾಡುತ್ತಿದ್ದ. ಅಡಿಕೆ ಮಂಡಿಯ ಹರಾಜು ಕೂಗುವವನು, ಗಾಂಧಿ ಬಜಾರಿನ ಬಳೆ ಸಾಬರು, ರೈಲು, ಕಾರ್ಖಾನೆಯ ಸೈರನ್ನು, ಎಲ್ಲವೂ ಅವನ ಗಂಟಲಲ್ಲಿದ್ದವು. ಆಗ ಜಗದಾಂಬಾ ತರಕಾರಿ ತರಲು ಹೋದರೆ ಜನ ಸುತ್ತ ನಿಲ್ಲುತ್ತಿದ್ದರು. ಆಮೇಲೆ ದೊಡ್ಡ ಚಾನೆಲ್ಲುಗಳು ಬಂದವು, ಮನೆಮನೆಗೆ ಸೆಟ್‌ಟಾಪ್ ಡಬ್ಬಿ ಬಂತು, ಮೂರ್ತಪ್ಪನವರು ಅಂಗಡಿ ಮುಚ್ಚಿದರು, ಒಂದು ದಿನ ತೀರಿಯೂಹೋದರು. ಯಾರೂ ವಿದಾಯದ ಕಾರ್ಯಕ್ರಮ ಮಾಡಲಿಲ್ಲ.

"ನೋಡ್ತೀನಿ ಈಶ್ವರಮ್ಮ," ಎಂದು ಹೇಳಿ ಜಗದಾಂಬಾ ಊಟ ಮಾಡಿದಳು. ಪಲ್ಯಕ್ಕೆ ಉಪ್ಪು ಹಾಕಿರಲಿಲ್ಲ ಅನ್ನುವುದು ಡಬ್ಬಿ ತೊಳೆಯುವಾಗ ತಿಳಿಯಿತು.

ಗಂಡ ಜಂಬಣ್ಣ ಮೇಷ್ಟ್ರು ತೀರಿಕೊಂಡು ಒಂದೂವರೆ ವರ್ಷವಾಗಿತ್ತು. ಬೆಳಗ್ಗೆ ಪೇಪರು ಓದುತ್ತಾ ಕೂತವರು ಹಾಗೇ ಒರಗಿದ್ದರು. ಜಗದಾಂಬಾ ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಹನ್ನೊಂದನೇ ದಿನ ನಾದಿನಿ ಯಾರಿಗೋ ಹೇಳುತ್ತಿದ್ದಳು, "ಟೀವೀಲಿ ಬೇಕಾದಾಗ ಅಳ್ತಿದ್ಲು ಮಾರಾಯ್ತಿ, ಈಗ ನೋಡು." ಅದನ್ನು ಕೇಳಿಯೂ ಅವಳಿಗೆ ಸಿಟ್ಟು ಬರಲಿಲ್ಲ. ಕೈ ಜೋಮು ಹಿಡಿದಾಗ ಚಿವುಟಿದರೆ ಹೇಗೋ ಹಾಗೆ. ಚಿವುಟಿದ್ದು ಗೊತ್ತಾಗುತ್ತಿತ್ತು, ನೋವು ಮಾತ್ರ ಬೇರೆ ಯಾರದೋ ಆಗಿತ್ತು.

ಶನಿವಾರ ಆಫೀಸು ಬಿಟ್ಟ ಮೇಲೆ ಅವಳು ಸತೀಶನ ಸ್ಟುಡಿಯೋಕ್ಕೆ ಹೋದಳು. ಸತೀಶ್ ಅಂದಿನ ಕ್ಯಾಮೆರಾಮನ್. ಈಗ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಾನೆ, ಮದುವೆಗೆ ಡ್ರೋನು ಹಾರಿಸುತ್ತಾನೆ. ಅವಳನ್ನು ಕಂಡದ್ದೇ ಎದ್ದು ನಿಂತ.

"ಬನ್ನಿ ಅಕ್ಕ! ಆ ಕಾಲ ಇನ್ನು ಬರಲ್ಲ ಬಿಡಿ. ಈಗ ಎಲ್ರ ಕೈಯಲ್ಲೂ ಕ್ಯಾಮೆರಾ ಇದೆ, ನೋಡೋರೇ ಇಲ್ಲ. ಆವಾಗ ಇಡೀ ಊರು ಒಂದೇ ಹೊತ್ತಿಗೆ ನಗ್ತಿತ್ತು."

"ಕ್ಯಾಸೆಟ್ಟು ಯಾವುದಾದ್ರೂ ಇದೆಯಾ ಸತೀಶ?"

ಅವನ ಮುಖ ಸಣ್ಣಗಾಯಿತು. "ಎಲ್ಲಿಂದ ಇರಬೇಕು ಅಕ್ಕ? ಕಾರ್ಯಕ್ರಮ ಲೈವ್ ಹೋಗ್ತಿತ್ತು, ಜೊತೆಗೆ ರೆಕಾರ್ಡೂ ಆಗ್ತಿತ್ತು ನಿಜ. ಆದ್ರೆ ಮೂರ್ತಪ್ಪೋರು ಹೊಸ ಕ್ಯಾಸೆಟ್ ಕೊಡಿಸ್ತಿರ್ಲಿಲ್ಲ. ಮುಂದಿನ ವಾರದ್ದು ಅದರ ಮೇಲೇ. ಕೊನೆಗೆ ಅವುಗಳ ಮೇಲೆಲ್ಲ ನಾನೇ ಮದುವೆ ತೆಗೆದೆ. ಅಳಿಸಿದ್ದು ನಾನೇ ಅಕ್ಕ, ಈ ಕೈಯಲ್ಲೇ."

ಜಗದಾಂಬಾ ಎದ್ದಳು. ಬಾಗಿಲವರೆಗೆ ಬಂದಾಗ ಅವನು ಕರೆದ.

"ತಡೀರಿ. ವಿನೋಬನಗರದಲ್ಲಿ ಬಂಗಾರಮ್ಮ ಅಂತ ಇದಾರೆ. ಅವರ ಮಗಳು ನವ್ಯಾ ಒಂದು ವಾರ ಹಾಡಿದ್ಲು, ಆರು ವರ್ಷದ್ದು. ಆಯಮ್ಮ ಬಿಡದೇ ಕಾಟ ಕೊಟ್ಟು ಒಂದು ಕಾಪಿ ಮಾಡಿಸ್ಕೊಂಡ್ರು. ಅದೊಂದು ಇದ್ರೆ ಇರ್ಬೇಕು."

ಬಂಗಾರಮ್ಮನಿಗೆ ಎಪ್ಪತ್ತರ ಮೇಲಾಗಿತ್ತು. ಬಾಗಿಲಲ್ಲಿ ನಿಂತವಳ ಮುಖವನ್ನು ಒಂದು ಕ್ಷಣ ನೋಡಿ, "ಸಂತೆ ಜಗದಾಂಬಾ!" ಎಂದು ಕೈ ಹಿಡಿದು ಒಳಗೆಳೆದುಕೊಂಡಳು. ಕಾಫಿ ಬಂತು, ಚಕ್ಕುಲಿ ಬಂತು. ಮಗಳು ಈಗ ದಾವಣಗೆರೆಯಲ್ಲಿ ಹಲ್ಲಿನ ಡಾಕ್ಟರು; ಹಾಡಿದ್ದು ಅವಳಿಗೆ ನೆನಪೇ ಇಲ್ಲ. ವಿಷಯ ತಿಳಿದ ಮೇಲೆ ಬಂಗಾರಮ್ಮ ಬೀರು ತೆರೆದು ರೇಷ್ಮೆ ಸೀರೆಗಳ ಕೆಳಗಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕ್ಯಾಸೆಟ್ಟು ತೆಗೆದಳು. ಕೊಡಲು ಮಾತ್ರ ಕೈ ಮುಂದೆ ಬರಲಿಲ್ಲ.

"ಹಾಕಿ ನೋಡೋಕೆ ಮಿಷನ್ನೇ ಇಲ್ಲ ನಮ್ಮನೇಲಿ. ಆದ್ರೂ ಹೇಳ್ತೀನಿ, ವಾಪಸ್ ಕೊಡ್ಬೇಕಮ್ಮ."

"ಕೊಡ್ತೀನಿ."

"ಜಯಕುಮಾರ್ ಬಹಳ ಒಳ್ಳೆ ಮನುಷ್ಯ. ನಮ್ಮ ಹುಡುಗಿ ಎರಡನೇ ಚರಣ ಮರೆತಾಗ ಪರದೆ ಹಿಂದೆ ನಿಂತು ಗುನುಗಿ ಎತ್ತಿಕೊಟ್ಟ," ಎಂದಳು. ಆಮೇಲೆ ಕ್ಯಾಸೆಟ್ಟು ಕೊಟ್ಟಳು.

ಸತೀಶ್ ಹಳೆಯ ವಿಸಿಆರ್ ಒಂದನ್ನು ಎಲ್ಲಿಂದಲೋ ತಂದು, ರೀಲಿಗೆ ಹಿಡಿದ ಬೂಷ್ಟನ್ನು ಹತ್ತಿಯಲ್ಲಿ ಒರೆಸಿ ಒರೆಸಿ, ನಾಲ್ಕು ದಿನ ಕೂತು ಅದನ್ನು ಪೆನ್‌ಡ್ರೈವಿಗೆ ಇಳಿಸಿದ. "ಮೊದಲ ಹತ್ತು ನಿಮಿಷ ಹೋಗಿದೆ, ಉಳಿದದ್ದು ಇದೆ. ಇಲ್ಲೇ ನೋಡ್ತೀರಾ ಅಕ್ಕ?" ಎಂದು ಕೇಳಿದ.

"ಬೇಡ. ಅಲ್ಲೇ ನೋಡ್ತೀನಿ."

ಭಾನುವಾರ ಹತ್ತು ಗಂಟೆಗೆ ಅವಳು ನ್ಯೂ ಟೌನಿನಲ್ಲಿ ಬಸ್ಸಿಳಿದಳು. ಸಾಲು ಕ್ವಾರ್ಟರ್ಸು, ದೊಡ್ಡ ದೊಡ್ಡ ಮರಗಳು, ಅಗಲ ರಸ್ತೆ. ಮನೆಯೊಳಗೆ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಜಯಕುಮಾರ್ ಕೂತಿದ್ದ. ಗಡ್ಡ ಬೋಳಿಸಿ, ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ಹಾಕಿಸಿದ್ದರು. ಬಾಯಿ ಒಂದು ಕಡೆ ಇಳಿದಿತ್ತು. ಜಗದಾಂಬಾ ನಮಸ್ಕಾರ ಮಾಡಿದಳು. ಅವನು ಅವಳನ್ನು ನೋಡಿದನೋ, ಅವಳ ಹಿಂದಿನ ಗೋಡೆಯನ್ನು ನೋಡಿದನೋ ತಿಳಿಯಲಿಲ್ಲ.

"ಗುರುತು ಹತ್ತಲ್ಲ ಅಕ್ಕ," ಎಂದಳು ಈಶ್ವರಮ್ಮ, ಅವನ ಎದುರೇ. "ಏನೂ ತಿಳಿಯಲ್ಲ ಪಾಪ. ಮೊದಮೊದಲು ಮಾತಾಡಿಸ್ತಿದ್ದೆ. ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ. ಈಗ ಊಟ ಕೊಡ್ತೀನಿ, ಬಾಯಿ ಒರೆಸ್ತೀನಿ, ಅಷ್ಟೇ."

ಟೀವಿಗೆ ಪೆನ್‌ಡ್ರೈವು ಸಿಕ್ಕಿಸಿದರು. ಗೆರೆಗಳು ಓಡಿದವು, ಆಮೇಲೆ ನೀಲಿ ಪರದೆ ಬಂತು. ಅದರ ಮುಂದೆ ಸಾಸಿವೆ ಬಣ್ಣದ ಸೀರೆಯುಟ್ಟು, ಪೌಡರು ಹೆಚ್ಚಾದ ಮುಖದ ಹೆಂಗಸೊಬ್ಬಳು ಕೂತು ಎಡೆಬಿಡದೆ ಮಾತಾಡುತ್ತಿದ್ದಳು. ಎಷ್ಟು ಮಾತಾಡ್ತಾಳೆ ಇವಳು ಎಂದುಕೊಂಡಳು ಜಗದಾಂಬಾ. ಆ ಸೀರೆ ಏನಾಯಿತೆಂದು ಯೋಚಿಸಿದಳು, ನೆನಪಾಗಲಿಲ್ಲ. ಊರವರು ಹೇಳುವಂತೆ ಕಾರ್ಯಕ್ರಮವೇನೂ ಭಾರಿ ಚೆನ್ನಾಗಿರಲಿಲ್ಲ. ಬೆಳಕು ಕಡಿಮೆ, ಮೈಕಿನ ಗೊರಗೊರ, ಹಿಂದೆ ಯಾರೋ ಕೆಮ್ಮಿದ್ದು ಕೂಡ ಕೇಳುತ್ತಿತ್ತು.

ಅಷ್ಟರಲ್ಲಿ ಪಕ್ಕದ ಕುರ್ಚಿಗೆ ಜಯಕುಮಾರ್ ಬಂದ. ಕಪ್ಪು ಮೀಸೆ, ತೆಳ್ಳಗಿನ ಕತ್ತು. ಎರಡೂ ಕೈ ಬಾಯಿಗೆ ಹಿಡಿದು ಸೈರನ್ನು ಎತ್ತಿದ. ಅದು ಕೆಳಗಿನಿಂದ ಏರಿ, ಮೇಲೆ ನಿಂತು, ಉದ್ದಕ್ಕೆ ಎಳೆದು ಇಳಿಯಿತು. ಪಕ್ಕದ ಮನೆಯ ಚೌಡಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

"ಏನೇ ಈಶ್ವರಿ, ಸೈರನ್ ಎಲ್ಲಿಂದ ಬಂತೇ? ಅಯ್ಯೋ, ನಮ್ಮ ಜಯಣ್ಣ!"

ಟೀವಿಯಲ್ಲಿ ಅವನು ಮೊದಲ ಶಿಫ್ಟಿಗೆ ತಡವಾದ ಕೆಲಸಗಾರನಾದ, ಅವನನ್ನು ತಮಿಳಿನಲ್ಲಿ ಬೈಯುವ ಮೇಸ್ತ್ರಿಯಾದ, ತಿಂಡಿ ಡಬ್ಬಿ ಹಿಡಿದು ಹಿಂದೆ ಓಡುವ ಹೆಂಡತಿಯಾದ. ಕ್ಯಾಮೆರಾದ ಹಿಂದೆ ಸತೀಶ್ ನಕ್ಕು ನಕ್ಕು ಚಿತ್ರವೇ ಅಲುಗಾಡುತ್ತಿತ್ತು. ಆಗ ಕಿಟಕಿಯ ಪಕ್ಕದಿಂದ ಸದ್ದು ಬಂತು. ಜಯಕುಮಾರ್ ನಗುತ್ತಿದ್ದ.

"ನಕ್ಕ! ನೋಡ್ರೇ, ನಕ್ಕ!" ಎಂದು ಚೌಡಮ್ಮ ಹಿಟ್ಟಿನ ಕೈಯಲ್ಲೇ ಚಪ್ಪಾಳೆ ತಟ್ಟಿದಳು.

ನಗು ನಿಲ್ಲಲಿಲ್ಲ. ಟೀವಿಯಲ್ಲಿ ನಾಟಕ ಮುಗಿಯಿತು, ಜಾಹೀರಾತು ಬಂತು, ಅವನು ಇನ್ನೂ ನಗುತ್ತಲೇ ಇದ್ದ. ಕಣ್ಣಲ್ಲಿ ನೀರು ಸುರಿಯಿತು, ಮುಖ ಕೆಂಪಾಯಿತು, ಉಸಿರು ಸಿಕ್ಕಿಕೊಂಡಿತು. ಈಶ್ವರಮ್ಮ ಎದ್ದು ಹೋಗಿ ಗದ್ದ ಹಿಡಿದು ಬೆನ್ನು ಸವರಿದಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ.

"ಇದು ನಗು ಅಲ್ಲ ಅಕ್ಕ. ದಿನಾ ಬರುತ್ತೆ. ಮಿದುಳಿಗೆ ಏಟು ಬಿದ್ದಿರೋದ್ರಿಂದ ಅದರಷ್ಟಕ್ಕೆ ಬರುತ್ತೆ ಅಂದ್ರು ಡಾಕ್ಟ್ರು. ಮೊನ್ನೆ ನಮ್ಮಣ್ಣ ತೀರ್ಕೊಂಡ ಸುದ್ದಿ ಬಂದಾಗ್ಲೂ ಹೀಗೇ ನಕ್ರು. ಜನ ಏನಂದ್ಕೊಂಡ್ರೋ."

ಚೌಡಮ್ಮ ಕೈ ಇಳಿಸಿದಳು. ಜಗದಾಂಬಾ ನೀರು ತಂದುಕೊಟ್ಟು ಅವನ ಪಕ್ಕದ ಸ್ಟೂಲಿನ ಮೇಲೆ ಕೂತಳು. ನಗು ಮೆಲ್ಲಗೆ ಇಳಿದು ಬಿಕ್ಕಳಿಕೆಯಾಗಿ ನಿಂತಿತು. ನಕ್ಕವನಿಗೆ ನಗು ಬಂದಿರಲಿಲ್ಲ. ಇದು ಅವಳಿಗೆ ವಿಚಿತ್ರವೆನಿಸಲಿಲ್ಲ.

ಟೀವಿಯಲ್ಲಿ ಟೆಲಿಫೋನು ರಿಂಗಾಯಿತು.

"ಹಲೋ, ಶನಿವಾರದ ಸಂತೆಗೆ ಸ್ವಾಗತ. ಯಾರು ಮಾತಾಡ್ತಿರೋದು?"

"ನಾನು ರವೀಂದ್ರನಗರದಿಂದ ಮಲ್ಲೇಶ್ ಅಂತ ಮೇಡಂ."

ಜಗದಾಂಬಾ ಲೋಟ ಕೆಳಗಿಟ್ಟಳು.

"ಹೇಳಿ ಮಲ್ಲೇಶ್ ಅವರೇ. ಊಟ ಆಯ್ತಾ?"

"ಎಲ್ಲಿ ಮೇಡಂ, ನಮ್ಮನೆಯವರು ಇನ್ನೂ ಬಂದಿಲ್ಲ. ಊರವರ ಮಕ್ಕಳ ಹಾಡು ಕೇಳ್ತಾ ಕೂತಿದಾರಂತೆ."

"ಅಯ್ಯೋ ಪಾಪ. ಅನ್ನಕ್ಕಾದ್ರೂ ಇಟ್ಕೊಳ್ಳಿ."

"ಇಟ್ಟಿದೀನಿ. ಮೂರು ವಿಷಲ್ ಆಯ್ತು. ಸಾಕಾ, ಇನ್ನೊಂದು ಬೇಕಾ?"

ಟೀವಿಯ ಹೆಂಗಸು ನಗು ತಡೆಯಲಾರದೆ ಸೆರಗನ್ನು ಬಾಯಿಗೊತ್ತಿಕೊಂಡಳು. "ಸಾಕು, ಆಫ್ ಮಾಡಿ," ಎಂದಳು.

ಅದು ಜಂಬಣ್ಣ. ಕೆಲವು ಶನಿವಾರ ಯಾರೂ ಫೋನು ಮಾಡುತ್ತಿರಲಿಲ್ಲ. ಕಾರ್ಯಕ್ರಮ ಬಿಕೋ ಎನ್ನಬಾರದೆಂದು ಅವರು ಮನೆಯಿಂದಲೇ ಮಾಡುತ್ತಿದ್ದರು, ಒಂದು ವಾರ ಮಲ್ಲೇಶ್, ಒಂದು ವಾರ ಜ್ಞಾನೇಶ್. ಮೂರ್ತಪ್ಪನವರಿಗೂ ಗೊತ್ತಿರಲಿಲ್ಲ. ಅವಳಿಗೂ ಅದು ಪೂರ್ತಿ ಮರೆತುಹೋಗಿತ್ತು. ಧ್ವನಿ ಆ ಕೋಣೆಯಲ್ಲಿ ಮಾಮೂಲಿನಂತೆ, ಅಡಿಗೆಮನೆಯಿಂದ ಬಂದಂತೆ ಬಂತು. ಈಗ ಏನಾದರೂ ಆಗುತ್ತದೆ ಎಂದು ಅವಳು ಕಾದಳು. ಕೆಳಗಿಟ್ಟ ಲೋಟವನ್ನು ಸ್ವಲ್ಪ ಬದಿಗೆ ಸರಿಸಿದಳು. ಅಷ್ಟೇ ಆಯಿತು.

ಮೊಣಕಾಲಿನ ಮೇಲೆ ಏನೋ ತಗುಲಿದಂತಾಗಿ ತಿರುಗಿದಳು. ಜಯಕುಮಾರ್ ಎಡಗೈ ಚಾಚಿ ಅವಳನ್ನು ತಟ್ಟುತ್ತಿದ್ದ. ಕತ್ತನ್ನು ಕಷ್ಟದಿಂದ ಹೊರಳಿಸಿ, ಟೀವಿಯನ್ನು ಬಿಟ್ಟು ಅವಳನ್ನೇ ನೋಡುತ್ತಿದ್ದ. ಈ ಸಲ ಗೋಡೆಯನ್ನಲ್ಲ. ಅಂದು ಆ ಗುಟ್ಟು ಗೊತ್ತಿದ್ದವನು ಅವನೊಬ್ಬನೇ. ಫೋನು ಬಂದಾಗಲೆಲ್ಲ ಕ್ಯಾಮೆರಾಕ್ಕೆ ಕಾಣದಂತೆ ಅವಳ ಕಾಲು ತುಳಿದು ನಗಿಸಲು ನೋಡುತ್ತಿದ್ದ.

"ಯಾಕಕ್ಕ, ನಿಮ್ಮನ್ನೇ ನೋಡ್ತಿದಾರೆ?" ಎಂದಳು ಈಶ್ವರಮ್ಮ.

"ಆ ಫೋನು ಮಾಡಿದ್ದು ನಮ್ಮ ಮೇಷ್ಟ್ರು. ಸುಳ್ಳು ಹೆಸರಲ್ಲಿ ಮಾಡ್ತಿದ್ರು. ಇವರಿಗೊಬ್ಬರಿಗೇ ಗೊತ್ತಿತ್ತು."

ಈಶ್ವರಮ್ಮ ಟೀವಿಯ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಂದ್ರೆ ಇವರಿಗೆ ತಿಳೀತಿದೆ," ಎಂದಳು. "ಎಲ್ಲಾ ತಿಳೀತಿದೆ. ನಾಲ್ಕು ತಿಂಗಳು ನಾನು ಇವರೆದುರಿಗೇ ಏನೇನು ಅಂದೆ ಅಕ್ಕ!" ಅವಳು ಅವನ ಕಾಲ ಬಳಿ ಕೂತು ತೊಡೆಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತಳು. ಚೌಡಮ್ಮನೂ ಅತ್ತಳು. ಟೀವಿಯಲ್ಲಿ ನವ್ಯಾ ಹಾಡುತ್ತಿದ್ದಳು. ಜಯಕುಮಾರನ ಎಡಗೈ ಹೆಂಡತಿಯ ತಲೆಯ ಮೇಲೆ ಹೋಗಿ ನಿಂತಿತು. ಜಗದಾಂಬಾ ಒಣಗಿದ ಕಣ್ಣಲ್ಲಿ ಎಲ್ಲರನ್ನೂ ನೋಡುತ್ತಾ, ಹಾಡು ಮುಗಿಯುವವರೆಗೆ ಕೂತಳು.

ಅವನಿಗೆ ಮಾತು ಬರಲಿಲ್ಲ. ಮುಂದಿನ ವಾರಗಳಲ್ಲೂ ಬರಲಿಲ್ಲ. ಈಶ್ವರಮ್ಮ ಫೋನಿನಲ್ಲಿ ಹೇಳಿದಳು: "ಬರದಿದ್ರೆ ಬೇಡ ಅಕ್ಕ. ನಾನೇ ಮಾತಾಡ್ತೀನಿ. ಟೊಮೆಟೊ ರೇಟಿಂದ ಹಿಡಿದು ಎಲ್ಲಾ ಹೇಳ್ತೀನಿ. ಬೇಜಾರಾದ್ರೆ ಕಣ್ಣು ಮುಚ್ಕೊಳ್ತಾರೆ."

"ಒಳ್ಳೇದಾಯ್ತು," ಎಂದಳು ಜಗದಾಂಬಾ. ಅದು ಒಳ್ಳೆಯದೇ ಎಂದು ಅವಳಿಗೆ ಗೊತ್ತಿತ್ತು.

ಕ್ಯಾಸೆಟ್ಟು ಹಿಂದಿರುಗಿಸಲು ವಿನೋಬನಗರಕ್ಕೆ ಹೋದಾಗ ಬಂಗಾರಮ್ಮ ಬಾಗಿಲಲ್ಲೇ ಕೇಳಿದಳು, "ನೋಡಿದ್ರಾ? ಹೇಗಿತ್ತು?"

"ನವ್ಯಾ ಚೆನ್ನಾಗಿ ಹಾಡಿದ್ಲು."

"ಮತ್ತೆ ನೀವು?"

ಜಗದಾಂಬಾ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. "ನಾನು ನಗ್ತಾ ಇದ್ದೆ," ಎಂದಳು. ಬಂಗಾರಮ್ಮ ಕಾಫಿಗಿಡಲು ಒಳಗೆ ಹೋದಳು. ಆಫೀಸಿಗೆ ಹೊತ್ತಾಗುತ್ತಿದ್ದರೂ ಜಗದಾಂಬಾ ಏಳಲಿಲ್ಲ.